ಹಸಿರು ಸಾಯಲೆಂದು ಕಾದ ಮಾಸ್ತರು

ಮೊನ್ನೆ ಇಳಕಲ್ಲಿನ ನಮ್ಮ ಓಣಿಯ ಮನೆಮನೆಗೂ ಅಮೀನಗಡದ ಕರದಂಟು ಹಂಚಿದೆ. ಸಾಲದ್ದಕ್ಕೆ ಹುನಗುಂದದ ಕಡೆಯಿಂದ ಬಂದ ಬಸ್ಸನ್ನು ಕೈಮಾಡಿ ನಿಲ್ಲಿಸಿ, ಡ್ರೈವರನ ಕೈಯಲ್ಲೊಂದು, ಕಂಡಕ್ಟರನ ಕೈಯಲ್ಲೊಂದು ತುಂಡು ಇಟ್ಟೆ.

"ಎಲ್ಲಿಗ್ರಿ ಅಜ್ಜಾರ?" ಎಂದು ಕಂಡಕ್ಟರ ಕೇಳಿದ.

"ಎಲ್ಲಿಗೂ ಇಲ್ಲಪಾ, ತಿನ್ನು."

ಅವನು ನನ್ನನ್ನು ಒಂದು ಥರ ನೋಡಿ ಸೀಟಿ ಊದಿದ. ನೋಡಲಿ ಬಿಡಿ. ನನ್ನ ಮೊಮ್ಮಗಳಿಗೆ ದೊಡ್ಡ ಸಂಶೋಧನಾಲಯದಲ್ಲಿ ಡಾಕ್ಟರೇಟ್ ಓದಲು ಸೀಟು ಸಿಕ್ಕಿದೆ! ನಮ್ಮ ಮನೆತನದಲ್ಲಿ ಇಲ್ಲಿಯವರೆಗೆ ಎಲ್ಲರಿಗಿಂತ ಹೆಚ್ಚು ಓದಿದವನು ನನ್ನ ಮಗ, ಮೆಟ್ರಿಕ್ ಫೇಲು. ನಾನು ನಾಲ್ಕನೆಯ ಇಯತ್ತೆ. ನನ್ನ ಹೆಂಡತಿ ಶಾಲೆಯ ಮೆಟ್ಟಿಲು ಹತ್ತಿದ್ದು ವೋಟು ಹಾಕಲಿಕ್ಕೆ ಮಾತ್ರ.

ಕರದಂಟು ಹಂಚುವುದು ಸುಲಭ, ಯಾಕೆ ಹಂಚಿದೆ ಎಂದು ಹೇಳುವುದೇ ಕಷ್ಟ. ಎದುರುಮನೆಯ ಟೇಲರ್ ಚಾಚಾ ತುಂಡನ್ನು ದವಡೆಗೆ ಒತ್ತಿಕೊಂಡೇ ಕೇಳಿದರು, "ಯಾವ ಡಾಕ್ಟರ್ರಿ? ಹಲ್ಲಿಂದೋ, ಕಣ್ಣಿಂದೋ?"

"ಪಾಚಿಗೆ ಬರೂ ರೋಗದ್ದು."

"ಪಾಚಿಗೆ ರೋಗ ಬಂದ್ರ ಛಲೋನ ಆತಲ್ಲೋ ಮಾರಾಯಾ, ಅದಕ್ಯಾಕ ಡಾಕ್ಟರು?"

ಇದಕ್ಕೆ ಸರಿಯಾದ ಉತ್ತರ ಕೊಡಬಲ್ಲವರು ಒಬ್ಬರೇ ಇದ್ದರು. ನಮ್ಮೂರ ಹೈಸ್ಕೂಲಿನ ವಿಜ್ಞಾನದ ಮಾಸ್ತರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಕರದಂಟಿನ ಮೊದಲ ತುಂಡು ಅವರ ಬಾಯಿಗೆ ಬೀಳಬೇಕಿತ್ತು. ಬಿದ್ದಿದ್ದರೆ ಕೇಳುವವರಿಗೂ ಒಳ್ಳೆಯದಾಗುತ್ತಿತ್ತು, ಅಗಿಯುವಷ್ಟು ಹೊತ್ತಾದರೂ ಮಾತು ನಿಲ್ಲುತ್ತಿತ್ತು.

ಸಪೂರ ಆಳು. ಉದ್ದ ಕುತ್ತಿಗೆ. ನಡೆಯುವಾಗ ಕಣ್ಣು ಯಾವಾಗಲೂ ಗಟಾರದ ಕಡೆ, ಕೆರೆಯ ಕಡೆ, ಯಾರದೋ ಮನೆಯ ಮುಂದಿನ ನೀರಿನ ಟಾಕಿಯ ಕಡೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಗಾಜಿನ ಡ್ರಾಪರ್. ಒಮ್ಮೆ ಹಾಜರಿ ಪುಸ್ತಕಕ್ಕೆ ಆ ಡ್ರಾಪರಿನಿಂದಲೇ ಸಹಿ ಮಾಡಲು ಹೋಗಿ, ತಮ್ಮ ಹೆಸರಿನ ಮುಂದೆ ಒಂದು ಹಸಿರು ಹನಿ ಕೆಡವಿದರಂತೆ. ಹೆಡ್‌ಮಾಸ್ತರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಇವರು ಭೂತಗನ್ನಡಿ ಹಿಡಿದು ಆ ಹನಿಯ ಮೇಲೆ ಬಗ್ಗಿಯಾಗಿತ್ತು.

ಮಕ್ಕಳನ್ನು ಬಾದಾಮಿಗೆ ಪ್ರವಾಸ ಕರೆದೊಯ್ದರೆ ಮಕ್ಕಳು ಗುಹೆ ನೋಡಿದರು. ಇವರು ಹೊಂಡದ ಮೆಟ್ಟಿಲ ಮೇಲೆ, ಬಟ್ಟೆ ಒಗೆಯುವ ಹೆಂಗಸರ ನಡುವೆ, ಮೂಗು ನೀರಿಗೆ ತಾಗುವ ಹಾಗೆ ಕೂತರು.

"ಏನ್ ಹುಡಕಾಕತ್ತೀರಿ ಸರ್ರ? ಉಂಗುರ ಬಿತ್ತೇನ್ರಿ?"

"ಇಲ್ರಿ ತಾಯಿ. ನಾ ಹುಡಕೂದನ್ನ ನಾನೂ ಇನ್ನ ನೋಡಿಲ್ರಿ."

ಆ ತಾಯಂದಿರಿಗೆ ಇದು ಉಂಗುರಕ್ಕಿಂತ ದೊಡ್ಡ ಒಡವೆಯೇ ಇರಬೇಕು ಅನ್ನಿಸಿ, ನಾಲ್ವರು ಸೀರೆ ಎತ್ತಿಕಟ್ಟಿ ನೀರಿಗಿಳಿದು ಕಾಲಿನಿಂದ ತಡಕಿದರಂತೆ. ಮಾಸ್ತರು ಮೆಟ್ಟಿಲ ಮೇಲೆ ನಿಂತು ಅವರಿಗೆ ಅಮೀಬಾದ ಬಗ್ಗೆ ಹೇಳುತ್ತಲೇ ಇದ್ದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ನನ್ನ ಮೊಮ್ಮಗಳು. ಆಗ ಅವಳು ಒಂಬತ್ತನೆಯ ತರಗತಿ. ಗುಹೆ ನೋಡದೆ ಮಾಸ್ತರ ಪಕ್ಕದಲ್ಲಿ ಕೂತ ಒಬ್ಬಳೇ ಹುಡುಗಿ ಅವಳು.

ಅವರ ಬಾಟಲಿಗಳ ಮಾತು ಹೇಳಲೇಬೇಕು. ಮಾಸ್ತರು ಜೀವಮಾನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಆದರೆ ಸೆರೆಯ ಕ್ವಾರ್ಟರ್ ಬಾಟಲಿಯಷ್ಟು ಅನುಕೂಲವಾದ ಬಾಟಲಿ ಲೋಕದಲ್ಲಿಲ್ಲ ಎಂದು ಅವರ ಅಭಿಪ್ರಾಯ. ಗಾಜು ಸ್ವಚ್ಛ, ಬಾಯಿ ಸಣ್ಣದು, ಜೇಬಿಗೆ ಹಿಡಿಯುತ್ತದೆ. ಗುಜರಿ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಬಿಸಿಲಿಗೆ ಹಿಡಿದು, ಮೂಸಿ ನೋಡಿ ಆರಿಸುತ್ತಿದ್ದರು. ಅವರ ಸ್ಕೂಟರು ಬರುತ್ತಿದೆ ಎಂದರೆ ಮೊದಲು ಬಾಟಲಿಯ ಸಪ್ಪಳ, ಆಮೇಲೆ ಇಂಜಿನಿನದು. ಹೊಸದಾಗಿ ಊರಿಗೆ ಬಂದವರು ಹಿಂದಿನಿಂದ ಓಡಿಬಂದು "ಹಾಫ್ ಐತೇನ್ರಿ?" ಎಂದು ಕೇಳಿದ್ದೂ ಉಂಟು.

ನನಗೆ ಅವರ ಗುರುತಾದದ್ದು ಕ್ವಾರಿಯಲ್ಲಿ. ಮೂವತ್ತು ವರ್ಷ ಗ್ರಾನೈಟ್ ಪಾಲಿಶ್ ಮಾಡಿ ನಡ ಹಿಡಿದ ಮೇಲೆ ನಾನು ಒಂದು ಕಲ್ಲಿನ ಕ್ವಾರಿ ಕಾಯುತ್ತಿದ್ದೆ. ಕಲ್ಲು ಎತ್ತಿ ಬಿಟ್ಟ ಹಳೆಯ ಗುಂಡಿಯೊಂದರಲ್ಲಿ ಮಳೆನೀರು ನಿಂತು ಗಿಳಿಹಸಿರಾಗಿತ್ತು. ಒಂದು ದಿನ ಮಾಸ್ತರು ಅಲ್ಲಿಗೆ ಇಳಿದು ಬಾಟಲಿ ತುಂಬಿಸಿ, ಬಿಸಿಲಿಗೆ ಹಿಡಿದು ನೋಡಿ, ಅದರ ಮೇಲೆ ತಾರೀಖು ಬರೆಯುವುದಕ್ಕೂ ಕ್ವಾರಿ ಮಾಲಕರ ಜೀಪು ಬರುವುದಕ್ಕೂ ಸರಿಹೋಯಿತು. ನೀರು, ಬಾಟಲಿ, ತಾರೀಖು! ಪರಿಸರ ಇಲಾಖೆಯ ಸಾಹೇಬರೇ ಎಂದು ಮಾಲಕರು ತಿಳಿದರು.

"ಲೇ, ಖುರ್ಚಿ ತಾರೋ! ಎಳನೀರ ತಾರೋ!" ಎಂದು ನನ್ನ ಮೇಲೆ ಕೂಗಿದರು. ಆಮೇಲೆ ಕೈಜೋಡಿಸಿ, "ಸಾಹೇಬ್ರ, ಈ ಗುಂಡಿ ಖರೆ ಹೇಳಬೇಕಂದ್ರ ನಮ್ದಲ್ರಿ, ಬಾಜೂದವರದು" ಎಂದರು.

ಮಾಸ್ತರಿಗೆ ಖುರ್ಚಿ ಯಾಕೆ ಬಂತು ಎಂದು ಯೋಚಿಸುವ ಅಭ್ಯಾಸವಿರಲಿಲ್ಲ. ಕೂತರು. ಎಳನೀರು ಕುಡಿದರು. "ಯಾರದರ ಇರ್ಲಿ ಬಿಡ್ರಿ. ಇದರಾಗ ಒಂದು ಭಾಳ ದೊಡ್ಡದು ಇರಬೇಕು ಅಂತ ನನಗ ಸಂಶೆ ಐತಿ."

"ಎಷ್ಟ್... ಎಷ್ಟ್ ದೊಡ್ಡದ್ರಿ?"

"ಸೂಜಿ ತುದಿ ಮ್ಯಾಲ ಸಾವಿರಗಟ್ಟಲೆ ಕೂಡ್ತಾವ್ರಿ. ದೈತ್ಯ ಅಂತಾರ ಅದಕ್ಕ."

ಮಾಲಕರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮುಂದಿನ ಒಂದು ತಾಸು ಮಾಸ್ತರು ಬಿಡಿಸಿ ಹೇಳಿದರು. ಹೇಳಿ ಮುಗಿಸಿ, "ತಿಳೀತೇನ್ರಿ?" ಎಂದರು. "ತಿಳೀತ್ರಿ, ತಿಳೀತ್ರಿ" ಎನ್ನುತ್ತಲೇ ಮಾಲಕರು ಜೀಪು ಹತ್ತಿದರು. ಮಾಸ್ತರಿಗೆ "ತಿಳೀಲಿಲ್ರಿ" ಎನ್ನುವ ಧೈರ್ಯ ಇಡೀ ಇಳಕಲ್ಲಿನಲ್ಲಿ ಯಾರಿಗೂ ಇರಲಿಲ್ಲ. ಅಂದರೆ ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ಮಾಸ್ತರು ನಮ್ಮ ಮನೆಗೆ ಬಂದುಹೋಗುವುದು ಶುರುವಾದ ಮೇಲೆ ಅಷ್ಟಿಷ್ಟು ನನ್ನ ತಲೆಗೂ ಹತ್ತಿತು. ಒಂದು ದಿನ ಹೆಂಡತಿ ಜೋಳದ ಹಿಟ್ಟು ಸೋಸುತ್ತಿದ್ದಳು. ಮಾಸ್ತರು ಒಳಗೆ ಬಂದವರೇ ಅವಳ ಕೈಯೊಳಗಿನ ಸಾಣಿಗೆ ಕಸಿದುಕೊಂಡರು.

"ನೋಡ್ರಿ ತಂಗಿ, ವೈರಸ್ ಅಂದ್ರ ಭಾಳ ಸಣ್ಣದು, ಸೋಸಿದ್ರ ಕೆಳಗ ಬೀಳತೈತಿ ಅಂತ ಶಾಣ್ಯಾರೆಲ್ಲಾ ತಿಳಕೊಂಡಿದ್ರು. ಕೆಳಗ ಬಿದ್ದದ್ದನ್ನಷ್ಟ ಹುಡುಕಿದ್ರು. ಮ್ಯಾಲ ಉಳದದ್ದನ್ನ ಕಸ ಅಂತ ಚೆಲ್ಲಿದ್ರು. ಈ ದೈತ್ಯಗೋಳು ಸಾಣಿಗಿ ಮ್ಯಾಲ ಆರಾಮ ಕುಂತಿದ್ವು! ಒಂದನ್ನಂತೂ ಭೂತಗನ್ನಡಿಯಂಥ ಯಂತ್ರದಾಗ ಕಂಡರೂ, ಇಷ್ಟು ದೊಡ್ಡದು ವೈರಸ್ ಇರಾಕ ಸಾಧ್ಯನ ಇಲ್ಲ, ಇದು ಬ್ಯಾಕ್ಟೀರಿಯಾ ಅಂತ ವರ್ಷಗಟ್ಟಲೆ ಕಪಾಟಿನಾಗ ಇಟ್ಟಿದ್ರು."

"ಕಣ್ಣಿಗೆ ಕಾಣದ್ದು ದೈತ್ಯ ಹೆಂಗಾಗತೈತ್ರಿ ಅಣ್ಣಾ?" ಎಂದಳು ಇವಳು, ಹಿಟ್ಟು ಮೆತ್ತಿದ ಕೈ ಸೊಂಟಕ್ಕಿಟ್ಟುಕೊಂಡು.

"ಸಣ್ಣ ಇರಿವಿ ಸಂತ್ಯಾಗ ಕರೀ ಗೊದ್ದ ದೈತ್ಯನ ಅಲ್ಲೇನ್ರಿ? ಇವು ಹಂಗ. ಅಮೀಬಾ ಅಂತ ಒಂದು ಐತಿ. ಅದು ಇದನ್ನ ಊಟ ಅಂತ ತಿಳಿದು ನುಂಗತೈತಿ. ಒಳಗ ಹೋದದ್ದು ಜೀರ್ಣ ಆಗೂದಿಲ್ಲ. ಅಲ್ಲೇ ಒಂದು ಕಾರ್ಖಾನಿ ಹಾಕಿ, ಅಮೀಬಾನ ಸಾಮಾನಿನಾಗ ತನ್ನಂಥಾವನ್ನ ನೂರಾರು ಮಾಡಿ, ಮನಿ ಒಡದು ಹೊರಗ ಬರತೈತಿ. ಪಾಚಿಗೂ ಇಂಥಾವ ಅದಾವು. ಹಸಿರು ನೀರು ನಾಕು ದಿನದಾಗ ಬಿಳಿಚ್ಕೊಂಡ ಬಿಡತೈತಿ."

"ನಮ್ಮ ನಾದಿನಿ ಗಂಡನಂಗ," ಎಂದಳು ಹೆಂಡತಿ. "ನಾಕು ದಿನ ಇದ್ದು ಹೋಗ್ತೇನಿ ಅಂತ ಬಂದು ಒಳಗ ಅಂಗಡಿ ಇಟ್ಟಾ." ಮಾಸ್ತರು ಆ ಮಾತನ್ನು ಬರೆದುಕೊಂಡರು. ಮರುದಿನ ಶಾಲೆಯಲ್ಲಿ ಅದನ್ನೇ ಪಾಠ ಮಾಡಿದರಂತೆ. ಹುಡುಗರಿಗೆ ಥಟ್ಟನೆ ತಿಳಿಯಿತಂತೆ.

ಮಾಸ್ತರಿಗೆ ಇದ್ದದ್ದು ಒಂದೇ ಆಸೆ. ಈ ನಮ್ಮ ಕಲ್ಲು-ಧೂಳಿನ ಸೀಮೆಯ ನೀರಿನಲ್ಲೂ ಅಂಥದ್ದೊಂದು ಇದೆ ಎಂದು ತೋರಿಸಿ ನಿವೃತ್ತಿಯಾಗಬೇಕು. ದೂರದ ಒಂದು ಪ್ರಯೋಗಾಲಯದವರು ಅವರಿಗೆ ಬರೆದಿದ್ದರು: ಹಸಿರು ಒಮ್ಮೆ ಸತ್ತರೆ ಸಾಲದು. ಬಿಸಿಲಿಗೆ ಸಾಯಬಹುದು, ಹಸಿವೆಗೂ ಸಾಯಬಹುದು. ಸತ್ತ ಬಾಟಲಿಯ ಒಂದು ಹನಿ ಇನ್ನೊಂದು ಬಾಟಲಿಯನ್ನು ಕೊಲ್ಲಬೇಕು, ಅದರ ಹನಿ ಮೂರನೆಯದನ್ನು ಕೊಲ್ಲಬೇಕು. ಹನಿ ಬೀಳದ ಬಾಟಲಿ ಪಕ್ಕದಲ್ಲೇ ಹಸಿರಾಗಿ ಉಳಿಯಬೇಕು. ಆಗ ಶಾಲೆಯ ಪತ್ರದ ಜೊತೆಗೆ ಕಳಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ನಿವೃತ್ತಿಗೆ ಎರಡೂವರೆ ತಿಂಗಳು ಇತ್ತು. ಆಮೇಲೆ ಶಾಲೆಯ ಪತ್ರ ಯಾರು ಕೊಡುತ್ತಾರೆ?

ಅವರ ಬಾಡಿಗೆ ಕೋಣೆಗೆ ಬಿಸಿಲಿರಲಿಲ್ಲ. ಮನೆಯೊಡತಿಗೆ ಕ್ವಾರ್ಟರ್ ಬಾಟಲಿ ಕಂಡರೆ ಆಗುತ್ತಿರಲಿಲ್ಲ. ಅದಕ್ಕೇ ಎಂಟು ಬಾಟಲಿ ಹಸಿರು ನೀರು ತಂದು ನಮ್ಮ ಕಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಟ್ಟರು. ನಾಲ್ಕರ ಕುತ್ತಿಗೆಗೆ ಸೀರೆ ಮಗ್ಗದ ಕೆಂಪು ನೂಲು. ಅವುಗಳಲ್ಲಿ ಕ್ವಾರಿ, ಹೊಂಡ, ಕೆರೆ, ಬಾವಿ ಎಂದು ನಾಲ್ಕು ಕಡೆಯ ನೀರಿನ ಹನಿ. ಇನ್ನು ನಾಲ್ಕಕ್ಕೆ ಬಿಳಿ ನೂಲು. ಅವುಗಳಲ್ಲಿ ಬರೀ ಹಸಿರು. ಕೆಂಪು ನೂಲಿನದು ಯಾವುದಾದರೂ ಬಿಳಿಚಿದರೆ ಮುಟ್ಟಬೇಡಿ, ಕೂಡಲೇ ಫೋನು ಮಾಡಿ ಎಂದು ಮಾಸ್ತರು ನನಗೆ ಸ್ಪಷ್ಟವಾಗಿ ಹೇಳಿದರಂತೆ.

"ಹೇಳಿದರಂತೆ" ಎನ್ನುತ್ತೇನೆ, ಏಕೆಂದರೆ ಅವರು ಅದನ್ನು ಹೇಳಿದ್ದು ಒಂದೂವರೆ ತಾಸಿನ ವಿವರಣೆಯ ಕಟ್ಟಕಡೆಗೆ. ನಾನು ರಾತ್ರಿ ಪಾಳಿ ಮುಗಿಸಿ ಬಂದವನು. ಕಣ್ಣು ತೆರೆದುಕೊಂಡೇ ಮಲಗುವುದು ಕಾವಲುಗಾರನಿಗೆ ತಾನಾಗಿ ಬರುವ ವಿದ್ಯೆ. "ತಿಳೀತೇನ್ರಿ ಯಜಮಾನ್ರ?" ಎಂದದ್ದು ಮಾತ್ರ ಕಿವಿಗೆ ಬಿತ್ತು. "ತಿಳೀತ್ರಿ ಗುರುಗಳ" ಎಂದೆ.

ನಾಲ್ಕನೆಯ ದಿನ ಕೆಂಪು ನೂಲಿನ ಒಂದು ಬಾಟಲಿ, ನಮ್ಮ ಕ್ವಾರಿಯ ನೀರಿನದೇ, ಬಿಳಿಚಿಕೊಂಡಿತು. ಮೊದಲು ನೋಡಿದವಳು ಹೆಂಡತಿ.

"ಅಯ್ಯ ಶಿವನ! ಏನ್ರೀ, ಸತ್ತಹೋತಲ್ರಿ ಇದು! ಮಾಸ್ತರು ನಂಬಿ ಇಟ್ಟಾರ, ಮಾರೀ ಹೆಂಗ ತೋರಸೂದು?"

ಒಬ್ಬರು ಒಂದು ಕರುವನ್ನು ನಮ್ಮಲ್ಲಿ ಕಟ್ಟಿ ಹೋದರೆ, ಅವರು ಬರುವಾಗ ಕರು ಬದುಕಿರಬೇಕೋ ಬೇಡವೋ? ಬಿಳಿಚಿದ ನೀರನ್ನು ಆಕಳು ನೀರು ಕುಡಿಯುವ ಕಲ್ಲಿನ ಡೋಣಿಗೆ ಚೆಲ್ಲಿದೆ. ಬಿಳಿ ನೂಲಿನ ಬಾಟಲಿಯಿಂದ ಅರ್ಧ ಹಸಿರು ಎರವಲು ತೆಗೆದು ತುಂಬಿಸಿದೆ. ಬಾಟಲಿ ಮತ್ತೆ ಹಸಿರಾಯಿತು. ಬಿಳಿ ನೂಲಿನದಕ್ಕೆ ನಳದ ನೀರು ಬೆರೆಸಿ ಬಿಸಿಲಿಗಿಟ್ಟರೆ ಎರಡು ದಿನದಲ್ಲಿ ಅದೂ ಸುಧಾರಿಸಿತು.

ರವಿವಾರ ಮಾಸ್ತರು ಬಂದರು. ಕೆಂಪು ನೂಲಿನವನ್ನು ಒಂದೊಂದಾಗಿ ಎತ್ತಿ ನೋಡಿದರು. ಉಸಿರು ಬಿಟ್ಟರು. ಅದು ಸಮಾಧಾನದ ಉಸಿರು ಎಂದು ನಾವು ಗಂಡಹೆಂಡತಿ ಕಣ್ಣಲ್ಲೇ ಮಾತಾಡಿಕೊಂಡೆವು.

ಮುಂದಿನ ವಾರ ಅದೇ ಬಾಟಲಿ ಮೂರೇ ದಿನಕ್ಕೆ ಸತ್ತಿತು. ಮತ್ತೆ ಚೆಲ್ಲಿದೆ, ಮತ್ತೆ ತುಂಬಿದೆ. ಮತ್ತೊಂದು ವಾರಕ್ಕೆ ಮತ್ತೆ. ಹೆಂಡತಿಗೆ ಇದು ದೃಷ್ಟಿಯೇ ಎಂದು ಖಾತ್ರಿಯಾಯಿತು. ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ಬಾಟಲಿಯ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಟ್ಟಳು. ರವಿವಾರ ಮಾಸ್ತರು ಬಂದು, ಏನೋ ಹೊಲಸು ಅಂಟಿದೆ ಎಂದು ತಮ್ಮ ಧೋತರದಂಥ ಕರವಸ್ತ್ರದಿಂದ ಆ ಬೊಟ್ಟನ್ನು ಒರೆಸಿ, ಮತ್ತೆ ಅದೇ ಉಸಿರು ಬಿಟ್ಟರು.

"ನೋಡ್ರಿ, ಒರಸೇ ಬಿಟ್ರು! ಇನ್ನ ಉಳದಂಗ ಅದು," ಎಂದು ಇವಳು ಒಳಗೆ ಗೋಳಾಡಿದಳು.

ಐದು ಸಲ ಹೀಗಾಯಿತು. ಐದನೆಯ ಸಲ ನನಗೂ ರೋಸಿಹೋಗಿ, ಬಾಟಲಿಗೇ ಏನೋ ರೋಗ ಹತ್ತಿದೆ ಎಂದು ಕುದಿಯುವ ನೀರು ಹೊಯ್ದು, ಬೂದಿ ಹಾಕಿ ಗಸಗಸ ತಿಕ್ಕಿ ತೊಳೆದೆ. ಆಮೇಲೆ ಹೊಸ ಹಸಿರು ತುಂಬಿದೆ. ಈ ಸಲ ಸಾಯಲಿಲ್ಲ. ವಾರವಿಡೀ ಗಿಳಿಯ ಹಾಗೆ ಹಸಿರು. ಗೆದ್ದೆವು ಅಂದುಕೊಂಡೆವು.

ಆ ರವಿವಾರ ಮಾಸ್ತರು ಬಾಟಲಿ ನೋಡಿ, ಉಸಿರನ್ನೂ ಬಿಡದೆ, ಹೋಗಿ ಕಲ್ಲಿನ ಮೇಲೆ ಕೂತರು.

"ಯಜಮಾನ್ರ, ಆತ್ರಿ ನಂದು. ನಿವೃತ್ತಿಗೆ ಇನ್ನ ಮೂರ ವಾರ. ಬಾಟ್ಲಿ ತಗೊಂಡ ಹೋಗ್ತೇನಿ."

"ಯಾಕ್ರಿ ಗುರುಗಳ? ನಮ್ಮ ಕಡಿಂದ ಏನರ ಕಡಿಮಿ ಆತೇನ್ರಿ?"

"ಇಲ್ರಿ. ನೀವು ಭಾಳ ಜ್ವಾಕಿ ಮಾಡೀರಿ. ಇಷ್ಟು ದಿನ ಕಾದೆ. ಒಂದ... ಒಂದರ ಸಾಯಬಾರದಾ?"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ನನ್ನ ಕಡೆ ನೋಡಿದಳು. ದಿನವಿಡೀ ಶಾಲೆ, ಟ್ಯೂಷನ್ ಎಂದು ಇರುತ್ತಿದ್ದ ಅವಳಿಗೆ ನಾವು ಬಾಟಲಿಯ ಸಾವುಗಳನ್ನು ಹೇಳಿರಲಿಲ್ಲ. ಹೇಳಿದರೆ ಮಾಸ್ತರ ಮುಂದೆ ಬಾಯಿ ಬಿಟ್ಟಾಳು ಎಂಬ ಅಂಜಿಕೆ.

"ಸಾಯಬೇಕಿತ್ತೇನ್ರಿ ಅದು?" ಎಂದೆ.

"ಮತ್ತ? ಅವತ್ತ ಹೇಳಿದ್ನಲ್ಲ, ತಿಳೀತ್ರಿ ಅಂದ್ರಿ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೋಗಿ ಅವರ ಕಾಲು ಹಿಡಿದೆ. "ಗುರುಗಳ, ಸತ್ತಿತ್ರಿ. ಒಂದಲ್ಲ, ಐದು ಸಲ ಸತ್ತಿತ್ರಿ. ನಾನ ಮುಚ್ಚಿಟ್ಟೆ. ಪ್ರತೀ ಸಲ ಬಿಳೀ ನೂಲಿನಿಂದ ಹಸರು ತುಂಬಿ ತುಂಬಿ ಇಟ್ಟೇನ್ರಿ."

"ಅದ ಬಾಟ್ಲಿಗೆ?"

"ಅದಕ್ಕ್ರಿ."

"ತೊಳೀಲಾರದ?"

"ತೊಳೀಲಾರದರಿ. ತಳದಾಗ ತಟಗು ಹಳೇ ನೀರು ಉಳೀತಿತ್ತು."

"ಬಿಳೀ ನೂಲಿಂದು ಒಂದೂ ಸಾಯಲಿಲ್ಲ?"

"ಇಲ್ರಿ, ಅವು ಗಟ್ಟಿಮುಟ್ಟ ಅದಾವು."

ಬೈಯುತ್ತಾರೆ ಎಂದು ತಲೆ ತಗ್ಗಿಸಿದ್ದೆ. ಆ ಮನುಷ್ಯ ನನ್ನ ಎರಡೂ ರಟ್ಟೆ ಹಿಡಿದು ಎತ್ತಿ, ಅಂಗಳದ ತುಂಬ ಗಿರಗಿರ ತಿರುಗಿಸಿದರು. ನನ್ನ ನಡ ಕಟಕ್ಕೆಂದಿತು. "ಮೂರು ಸಲ ಬೇಕಿತ್ತು, ಐದು ಸಲ ಮಾಡೀರಿ ಮಾರಾಯ್ರ! ಉಳದ ಹನಿ ಹೊಸ ಹಸರನ್ನ ಕೊಂದೈತಿ, ಅದರ ಹನಿ ಮುಂದಿನದನ್ನ! ಎಲ್ಲೈತಿ ಆ ಬಾಟ್ಲಿ, ಎಲ್ಲೈತಿ?"

"ಅದನ್ನ ಹೋದ ವಾರ ಕುದಿಯೂ ನೀರಾಗ..." ಎಂದೆ. "ಬೂದಿ ಹಚ್ಚಿ..."

ನನ್ನ ರಟ್ಟೆ ಬಿಟ್ಟರು. ಹಾಗೇ ನೆಲಕ್ಕೆ ಕೂತರು. ಹೆಂಡತಿ ನೀರು ತಂದು ಹಿಡಿದಳು, ತೆಗೆದುಕೊಳ್ಳಲಿಲ್ಲ. ಕ್ವಾರಿಯ ಗುಂಡಿಗೆ ಹೋಗಿ ಮತ್ತೆ ತರೋಣವೆಂದರೆ ಅದನ್ನು ಆ ತಿಂಗಳೇ ಕಲ್ಲುಚೂರು ಹಾಕಿ ಮುಚ್ಚಿಬಿಟ್ಟಿದ್ದರು.

ಆಗ ನನ್ನ ಮೊಮ್ಮಗಳು, ಹೌದು, ಈಗ ಡಾಕ್ಟರೇಟಿಗೆ ಹೊರಟಿರುವ ಇದೇ ನನ್ನ ಬಂಗಾರ, ಕೇಳಿದಳು: "ಅಜ್ಜಾ, ಸತ್ತ ನೀರನ್ನ ಎಲ್ಲಿ ಚೆಲ್ಲಿದಿ?"

"ಆಕಳ ಡೋಣಿಗವ್ವಾ. ಬ್ಯಾಸಗಿ ನೀರು, ಹಳ್ಳಕ್ಕ್ಯಾಕ ಚೆಲ್ಲೂದು?"

ಎಲ್ಲರೂ ಡೋಣಿಯ ಹತ್ತಿರ ಹೋದೆವು. ಯಾವಾಗಲೂ ಹಸಿರು ಕಟ್ಟುವ ಡೋಣಿ ಅದು. ಈಗ ನೀರಿನ ತಳದ ಕೆಂಪು ಕಲ್ಲು ನಿಚ್ಚಳವಾಗಿ ಕಾಣುತ್ತಿತ್ತು.

"ಹೌದಲ್ಲಾ!" ಎಂದಳು ಹೆಂಡತಿ. "ತಿಂಗಳಾತು, ಡೋಣಿ ತಿಕ್ಕೂದ ಬಂದಿಲ್ಲ ನನಗ. ಆಕಳ ಪುಣ್ಯೇವು ಅಂದ್ಕೊಂಡಿದ್ದೆ."

ಮಾಸ್ತರು ಇಸ್ತ್ರಿ ಅಂಗಿಯಲ್ಲೇ ಡೋಣಿಯ ಅಂಚಿಗೆ ಬೋರಲು ಬಿದ್ದರು. ಅವರು ಬಾಟಲಿಗಳಲ್ಲಿ ಬೆಳೆಸಿದ ಹಸಿರಿಗೆ ಮೊದಲು ಒಯ್ದದ್ದೂ ಈ ಡೋಣಿಯ ನೀರನ್ನೇ ಆಗಿತ್ತು. ಬಾಟಲಿಯಲ್ಲಿ ಸತ್ತದ್ದು ಇಲ್ಲಿಯೂ ಸತ್ತಿದೆ, ಅಂದರೆ ಕೊಂದದ್ದು ಇಲ್ಲಿಯೂ ಇದೆ. ನೀರು ಕುಡಿಯಲು ಬಂದ ಆಕಳು ಅವರ ಬೋಳುತಲೆಯನ್ನು ಒಮ್ಮೆ ನೆಕ್ಕಿತು. "ತಡಿಯವ್ವಾ, ತಡಿ, ನಿನಗೂ ಹೇಳ್ತೇನಿ" ಎನ್ನುತ್ತ ಡ್ರಾಪರ್ ಅದ್ದಿದರು.

ಮೂರು ವಾರ, ಮೂರು ಬಾಟಲಿ. ಈಗ ಉಸ್ತುವಾರಿ ಮೊಮ್ಮಗಳದು. ನನಗೆ ಗೋಡೆಯಿಂದ ಐದು ಮಾರು ದೂರ ಇರಬೇಕೆಂದು ಕಟ್ಟಪ್ಪಣೆ. ಹೆಂಡತಿಯ ಧರ್ಮಸಂಕಟವೇ ಬೇರೆ. "ಇಷ್ಟ ದಿನ ಉಳೀಲಿ ಅಂತ ದೀಪಾ ಹಚ್ಚಿದೆ. ಈಗ ಸಾಯ್ಲಿ ಅಂತ ಹಚ್ಚಿದ್ರ ದೇವರು ನನ್ನ ಎಂಥಾಕಿ ಅಂತ ತಿಳ್ಕೋಬೇಕು?" ಆದರೂ ಹಚ್ಚಿದಳು. ಮೊದಲನೆಯದು ನಾಲ್ಕು ದಿನಕ್ಕೆ ಸತ್ತಿತು. ಓಣಿಗೆಲ್ಲ ಸಕ್ಕರೆ ಹಂಚಿದೆವು. ಎರಡನೆಯದು ಯಾಕೋ ಹಟ ಹಿಡಿದು ಹನ್ನೆರಡು ದಿನ ತೆಗೆದುಕೊಂಡಿತು. ಮೂರನೆಯದಕ್ಕೆ ಹನಿ ಬಿದ್ದಾಗ ಮಾಸ್ತರ ನಿವೃತ್ತಿಗೆ ಐದೇ ದಿನ ಉಳಿದಿತ್ತು.

ಬೀಳ್ಕೊಡುವ ದಿನ ಬೆಳಗಿಗೂ ಅದು ಹಸಿರಾಗಿಯೇ ಇತ್ತು. ಮಾಸ್ತರು ಬಂದು ನೋಡಿ ಶಾಲೆಗೆ ಹೋದರು. ಮೊಮ್ಮಗಳು ಗೋಡೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಮಧ್ಯಾಹ್ನದ ಬಿಸಿಲಿಗೆ ಹಸಿರು ಮಂಕಾಯಿತು. ಮೂರು ಗಂಟೆಗೆ ತಳದಲ್ಲಿ ಬೂದಿಯಂಥದ್ದು ಕೂತು, ಮೇಲಿನ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು.

"ಅಜ್ಜಾ, ಸತ್ತಿತು! ಗಾಡಿ ತಗೀ!"

ಶಾಲೆಯ ಸಭಾಂಗಣದಲ್ಲಿ ಹೆಡ್‌ಮಾಸ್ತರ ಭಾಷಣ ನಡೆದಿತ್ತು. "ಇವರ ಜೀವನ ನಿರ್ವ್ಯಸನ ಜೀವನ, ಮಕ್ಕಳಿಗೆ ಆದರ್ಶ" ಎಂದು ಅವರು ಹೇಳುವುದಕ್ಕೂ, ನಾನು ಹುಡುಗರ ಸಾಲಿನ ನಡುವೆ ಕ್ವಾರ್ಟರ್ ಬಾಟಲಿ ಎತ್ತಿಹಿಡಿದು "ಗುರುಗಳ, ತಗೊಳ್ರಿ!" ಎಂದು ಓಡಿಬರುವುದಕ್ಕೂ ಸರಿಹೋಯಿತು. ಸಭೆಯಲ್ಲಿ ಹಾಹಾಕಾರ. ಹಾರ ಹಾಕಿಕೊಂಡಿದ್ದ ಮಾಸ್ತರು ವೇದಿಕೆಯಿಂದಲೇ ಜಿಗಿದರು. ಶಾಲು ಅಲ್ಲೇ ಉಳಿಯಿತು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಸಲ ನೋಡಿದರು, ಕನ್ನಡಕ ಒರೆಸಿ ಇನ್ನೊಂದು ಸಲ ನೋಡಿದರು. ಜೇಬಿನಿಂದ ಮಡಿಸಿದ ಪತ್ರ ತೆಗೆದು ಹೆಡ್‌ಮಾಸ್ತರ ಮುಂದೆ ಹಿಡಿದರು.

"ಸರ್, ಸಹಿ. ನಾ ಇನ್ನ ಎರಡು ತಾಸು ಈ ಶಾಲಿ ಮಾಸ್ತರದೀನಿ."

ಪಿಂಚಣಿಯ ಕಾಗದವಿರಬೇಕೆಂದು ತಿಳಿದು ಹೆಡ್‌ಮಾಸ್ತರು ಕಣ್ಣೀರು ಒರೆಸಿಕೊಂಡೇ ಸಹಿ ಹಾಕಿದರು. ಸೀಲು ಬಿತ್ತು. ಐಸ್‌ಕ್ರೀಮ್ ಅಂಗಡಿಯಿಂದ ಬರ್ಫ ತಂದು, ಥರ್ಮಾಕೋಲ್ ಡಬ್ಬಿಯಲ್ಲಿ ಬಾಟಲಿ ಮಲಗಿಸಿ, ಅದೇ ಸಂಜೆಯ ಪಾರ್ಸಲ್ಲಿಗೆ ಹಾಕಿದೆವು. ಅವರ ಬೀಳ್ಕೊಡುಗೆಯ ಊಟವನ್ನು ಅವರೊಬ್ಬರನ್ನು ಬಿಟ್ಟು ಎಲ್ಲರೂ ಉಂಡರು.

ಮಾಸ್ತರು ಕೋಣೆ ಖಾಲಿ ಮಾಡಿ ಕೆರೂರಿನ ತಂಗಿಯ ಮನೆಗೆ ಹೋದರು. ಉತ್ತರಕ್ಕೆ ನಮ್ಮ ಮನೆಯ ವಿಳಾಸ ಕೊಟ್ಟಿದ್ದರು. ಮೂರು ತಿಂಗಳ ಮೇಲೆ ದಪ್ಪ ಲಕೋಟೆ ಬಂತು. ಒಡೆಯುವ ಧೈರ್ಯ ನನಗಾಗಲಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಮೊದಲ ಬಸ್ಸಿಗೆ ಕೆರೂರಿಗೆ ಹೊರಟೆ. ದಾರಿಯುದ್ದಕ್ಕೂ ಲಕೋಟೆಯನ್ನು ಇಬ್ಬರೂ ಒಂದೊಂದು ಅಂಚು ಹಿಡಿದುಕೊಂಡಿದ್ದೆವು.

ಮಾಸ್ತರು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಲಕೋಟೆ ನೋಡಿ ಮೊರ ಪಕ್ಕಕ್ಕಿಟ್ಟರು. ಎಡ ಅಂಚಿನಿಂದ, ಹರಿಯದ ಹಾಗೆ, ನಿಧಾನಕ್ಕೆ ಬಿಡಿಸಿದರು. ಒಳಗೆ ಒಂದು ಪತ್ರ, ಒಂದು ಕಪ್ಪುಬಿಳುಪು ಚಿತ್ರ. ಪತ್ರ ಓದಲೇ ಇಲ್ಲ. ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದರು, ನೋಡಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

"ನೋಡ್ರಿ ಯಜಮಾನ್ರ. ಇಷ್ಟ ವರ್ಷ ಹುಡುಕಿದ್ದು ಇದನ್ನ."

ಸತ್ತ ಪಾಚಿಯ ಒಂದು ಕಣ, ಅದರ ಹೊಟ್ಟೆಯ ತುಂಬ ಒತ್ತೊತ್ತಾಗಿ ಕರಿಯ ಹರಳುಗಳು. ಒಂದೊಂದಕ್ಕೂ ಆರಾರು ಮೂಲೆ. ಮೂವತ್ತು ವರ್ಷ ಕಲ್ಲಿನ ಅಂಚು ಸವರಿದ ಕೈ ನನ್ನದು. ಬೆರಳು ತಾನಾಗಿ ಆ ಅಂಚುಗಳ ಮೇಲೆ ಹೋಯಿತು.

"ಗುರುಗಳ, ಮೂಲಿ ಒಂದೂ ತಪ್ಪಿಲ್ರಿ," ಎಂದೆ. "ಏನ್ ಕಟಿಂಗ್ರಿ ಇದು! ನಮ್ಮ ದೊಡ್ಡ ಮಿಷನ್ನಿಗೂ ಇಂಥ ಅಂಚು ಬರೂದಿಲ್ಲ. ಯಾರ್ ಕಡದದ್ರಿ ಇದನ್ನ?"

ಮಾಸ್ತರು ಹೇಳಲೆಂದು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮೊಮ್ಮಗಳು ನನ್ನ ತೋಳು ಹಿಡಿದು ಚಿತ್ರದ ಮೇಲೆ ಬಗ್ಗಿದಳು.

"ಯಾರೂ ಕಡದಿಲ್ಲಜ್ಜಾ. ಪಾಚಿ ಒಳಗ ಬಿಡಿಬಿಡಿ ತುಂಡು ತಯಾರಾಗ್ತಾವು. ಆಮ್ಯಾಲ ತಾವ ಬಂದು ಒಂದಕ್ಕೊಂದು ಹೊಂದಿ ಕೂಡ್ತಾವು, ಅಳತಿ ಹಿಡಿಯಾವರ ಇಲ್ಲದ..." ಅಷ್ಟು ಹೇಳಿ, ಮಾಸ್ತರ ಮುಂದೆ ತಾನು ಹೇಳುತ್ತಿದ್ದೇನೆಂದು ನೆನಪಾಗಿ, ನಾಲಿಗೆ ಕಚ್ಚಿಕೊಂಡಳು.

ಮಾಸ್ತರು ಜೋಳದ ಮೊರ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟರು. ಚಿತ್ರವನ್ನು ನನ್ನಿಂದ ತೆಗೆದು ಅವಳ ತೊಡೆಯ ಮೇಲೆ ಇಟ್ಟರು. ತಾವು ಚಕ್ಕಳಮಕ್ಕಳ ಹಾಕಿ, ಒಂಬತ್ತನೆಯ ತರಗತಿಯ ಹುಡುಗನ ಹಾಗೆ ಕೈಕಟ್ಟಿ ಕೂತರು.

"ಮುಂದ ಹೇಳವ್ವಾ," ಎಂದರು.